ದೂರದ ಗಡಿಯೂರಿನ ಚರಿತ್ರೆ ಬರೆಯುವ ಬಗೆ: ಕಾಸರಗೋಡಿನಲ್ಲಿ ಕೂತು ಬಾದ್ಮೆಯನ್ನು ಓದುವವರಿಗೆ

ನಮ್ಮ ಊರಿನ ವಾಚನಾಲಯಕ್ಕೆ ಪ್ರಬಂಧದ ವಿಷಯ ಹುಡುಕಿಕೊಂಡು ಬರುವ ಪದವಿ ವಿದ್ಯಾರ್ಥಿಗಳಿಗೆ ನಾನು ಸಾಮಾನ್ಯವಾಗಿ ಹೇಳುವುದೇನೆಂದರೆ, ಒಂದು ದೇಶದ ಚರಿತ್ರೆಯನ್ನು ಹಿಡಿಯುವ ಬದಲು ಒಂದು ಸಣ್ಣ ಊರಿನ ಚರಿತ್ರೆಯನ್ನು ಹಿಡಿಯಿರಿ, ಅದು ಗಡಿಯೂರಾದರೆ ಇನ್ನೂ ಒಳ್ಳೆಯದು. ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಹೋಗಿ ಬರುವವರಿಗೆ, ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡಿ ಕಚೇರಿಯಲ್ಲಿ ಮಲಯಾಳಂ ಅರ್ಜಿ ತುಂಬುವವರಿಗೆ ಗಡಿಯೆಂದರೇನು ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ತಿಳಿದಿರುವುದು ಬೇರೆ, ಬರೆಯಲು ಬರುವುದು ಬೇರೆ. ನಮ್ಮದೇ ಗಡಿಯ ಬಗ್ಗೆ ಬರೆಯಹೊರಟರೆ ಎರಡನೆಯ ವಾಕ್ಯಕ್ಕೇ ಸಿಟ್ಟೋ ಅಳಲೋ ಒಳಗೆ ಬಂದು ಕೂರುತ್ತದೆ. ಆದ್ದರಿಂದ ಕೈ ಪಳಗಿಸಿಕೊಳ್ಳಲು ನಮಗೆ ನಂಟೂ ಜಗಳವೂ ಇಲ್ಲದ ಒಂದು ಗಡಿಯೂರನ್ನು ಆರಿಸಿಕೊಳ್ಳುವುದು ಮೇಲು. ಅದಕ್ಕೆ ನಾನು ಮುಂದಿಡುವ ಊರು ಆಫ್ರಿಕದ ಬಾದ್ಮೆ.

ಬಾದ್ಮೆ ಎರಿಟ್ರಿಯಾ ಮತ್ತು ಇಥಿಯೋಪಿಯಾಗಳ ಗಡಿಯ ಪಶ್ಚಿಮ ಭಾಗದಲ್ಲಿ, ಮರೆಬ್ ಮತ್ತು ಸೆತಿತ್ ಎಂಬ ಎರಡು ನದಿಗಳ ನಡುವಣ ಬಯಲಿನಲ್ಲಿದೆ. ಜೋಳ, ಎಳ್ಳು ಬೆಳೆಯುವ, ದನ ಮೇಯಿಸುವ ಸೀಮೆಯದು. 1998ರ ಮೇ ತಿಂಗಳಿಗೆ ಮೊದಲು ಹೊರಜಗತ್ತಿನಲ್ಲಿ ಅದರ ಹೆಸರು ಕೇಳಿದವರು ಕಡಿಮೆ. ಆ ತಿಂಗಳು ಅಲ್ಲಿ ಹೊತ್ತಿದ ಕಿಡಿ 2000ದ ವರೆಗೆ ಉರಿದು ಹತ್ತಾರು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು.

ನಾಲ್ಕು ಪ್ರಶ್ನೆಗಳಿಗೆ ನಾಲ್ಕು ಪುಟ

ಓದಲು ಕೂರುವ ಮೊದಲು ಒಂದು ನೋಟ್‌ಪುಸ್ತಕದಲ್ಲಿ ನಾಲ್ಕು ಪುಟಗಳನ್ನು ಬೇರೆಬೇರೆಯಾಗಿ ಬಿಟ್ಟುಕೊಳ್ಳಿ. ಮೊದಲನೆಯದರ ತಲೆಯಲ್ಲಿ ‘ಕಾಗದದ ಪ್ರಕಾರ ಊರು ಯಾರದು’ ಎಂದೂ, ಎರಡನೆಯದರಲ್ಲಿ ‘ಆಡಳಿತ ನಡೆಸುತ್ತಿದ್ದವರು ಯಾರು’ ಎಂದೂ, ಮೂರನೆಯದರಲ್ಲಿ ‘ಅಲ್ಲಿ ಬದುಕುತ್ತಿದ್ದವರು ಯಾರು’ ಎಂದೂ, ನಾಲ್ಕನೆಯದರಲ್ಲಿ ‘ಮೊದಲು ಬಲಪ್ರಯೋಗ ಮಾಡಿದವರು ಯಾರು’ ಎಂದೂ ಬರೆಯಿರಿ. ಸಿಕ್ಕಿದ ಪ್ರತಿಯೊಂದು ಸಂಗತಿಯೂ ಈ ನಾಲ್ಕರಲ್ಲಿ ಯಾವುದಕ್ಕೆ ಉತ್ತರ ಎಂದು ಕೇಳಿಕೊಂಡು ಆಯಾ ಪುಟಕ್ಕೇ ಇಳಿಸಿ. ಒಂದು ಪುಟದ ಉತ್ತರವನ್ನು ಇನ್ನೊಂದು ಪುಟದ ಉತ್ತರವೆಂದು ನಂಬಿಬಿಡುವುದರಿಂದಲೇ ಗಡಿಯೂರುಗಳ ಚರಿತ್ರೆ ಹೆಚ್ಚಾಗಿ ಕೆಡುತ್ತದೆ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಕಾಗದದಿಂದ ಆರಂಭಿಸಿ, ಅದರಲ್ಲೂ ನದಿಯ ಹೆಸರಿನಿಂದ

ಇಟಲಿ ಎರಿಟ್ರಿಯಾವನ್ನು ತನ್ನ ವಸಾಹತು ಎಂದು ಸಾರಿದ್ದು 1890ರಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಕೈಚಾಚಲು ಹೋದ ಇಟಲಿಯ ಸೈನ್ಯವನ್ನು 1896ರ ಮಾರ್ಚ್ 1ರಂದು ಅದ್ವಾದಲ್ಲಿ ಇಥಿಯೋಪಿಯಾದ ಚಕ್ರವರ್ತಿ ಎರಡನೆಯ ಮೆನೆಲಿಕ್‌ನ ಸೈನ್ಯ ಸೋಲಿಸಿತು. ಆ ಬಳಿಕ ಗಡಿಯನ್ನು ಕುರಿತು 1900, 1902 ಮತ್ತು 1908ರಲ್ಲಿ ಮೂರು ಒಪ್ಪಂದಗಳಾದವು. ಬಾದ್ಮೆಗೆ ಸಂಬಂಧಪಟ್ಟದ್ದು 1902ರ ಮೇ 15ರದ್ದು. ಅದರಲ್ಲಿ ಗಡಿಯು ಸೆತಿತ್ ನದಿಯ ಗುಂಟ ಬಂದು, ಮಾಯೆತೆಬ್ ಎಂಬ ಹೊಳೆ ಸೇರುವಲ್ಲಿಂದ ತಿರುಗಿ, ಮರೆಬ್ ನದಿಗೆ ಮಾಯ್ ಅಂಬೆಸ್ಸಾ ಎಂಬ ಹೊಳೆ ಸೇರುವ ತಾಣವನ್ನು ಮುಟ್ಟಬೇಕೆಂದಿದೆ. ಕುನಾಮ ಬುಡಕಟ್ಟಿನವರು ಎರಿಟ್ರಿಯಾಕ್ಕೆ ಸೇರುವಂತೆ ಎರಡೂ ಕಡೆಯ ಪ್ರತಿನಿಧಿಗಳು ಆ ನಡುವಣ ಗೆರೆಯನ್ನು ಸ್ಥಳದಲ್ಲಿ ಗುರುತಿಸಬೇಕೆಂದೂ ಇದೆ. ಗುರುತಿಸುವ ಆ ಕೆಲಸ ನಡೆಯಲೇ ಇಲ್ಲ. ಸಾಲದ್ದಕ್ಕೆ ಮಾಯೆತೆಬ್ ಎಂದರೆ ಯಾವ ಹೊಳೆ ಎಂಬುದೇ ಮುಂದೆ ವಿವಾದವಾಯಿತು. ಅದನ್ನು ಹೋಲುವ ಹೆಸರು ಹಳೆಯ ನಕ್ಷೆಗಳಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಇತ್ತು. ಪಶ್ಚಿಮದ ಹೊಳೆಯನ್ನು ಹಿಡಿದರೆ ಬಾದ್ಮೆ ಇಥಿಯೋಪಿಯಾದ ಪಾಲಾಗುತ್ತದೆ, ಪೂರ್ವದ್ದನ್ನು ಹಿಡಿದರೆ ಎರಿಟ್ರಿಯಾದ ಪಾಲಾಗುತ್ತದೆ.

ಇಂಥ ಕಾಗದವನ್ನು ಓದುವುದು ಹೇಗೆಂಬುದು ನಮ್ಮ ಕಡೆಯವರಿಗೆ ಮನೆಯಲ್ಲೇ ತಿಳಿಯಬಹುದು. ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಒಂದು ಪಾಲುಪಟ್ಟಿ ಇದೆ. ಛಾಪಾ ಕಾಗದದ ಮಡಿಕೆ ಸವೆದು ನಾಲ್ಕು ತುಂಡಾಗಿದೆ, ಅಂಚನ್ನು ಗೆದ್ದಲು ತಿಂದಿದೆ, ಆದರೂ ಕಪ್ಪು ಶಾಯಿಯ ಮೋಡಿ ಹೊಡೆದ ಕನ್ನಡ ಅಕ್ಷರ ಓದಲು ಬರುತ್ತದೆ. ಅಡಿಕೆ ತೋಟದ ಚಕ್ಕುಬಂದಿ ಹೇಳುವಲ್ಲಿ ಬಡಗಲಿಗೆ ‘ಹರಿಯುವ ತೋಡು’ ಎಂದು ಬರೆದಿದೆ. ಈಗ ಅಲ್ಲಿ ಎರಡು ತೋಡುಗಳಿವೆ. ಯಾವುದೋ ಮಳೆಗಾಲದಲ್ಲಿ ನೀರು ಹೊಸ ದಾರಿ ಮಾಡಿಕೊಂಡಿತಂತೆ. ಹಳೆಯದರಲ್ಲಿ ಮಳೆಗಾಲದಲ್ಲಷ್ಟೇ ನೀರು, ಹೊಸದರಲ್ಲಿ ಮಾರ್ಚ್‌ವರೆಗೂ ನೀರು. ನೆರೆಯವರ ಜೊತೆ ಮಾತು ಬಂದಾಗ ನಾವು ಬಡಗಣ ತೋಡನ್ನೂ ಅವರು ತೆಂಕಣ ತೋಡನ್ನೂ ತೋರಿಸಿದೆವು. ಕೊನೆಗೆ ಬಂದ ಹಿರಿಯರೊಬ್ಬರು ಎರಡು ತೋಡುಗಳನ್ನೂ ನೋಡಲಿಲ್ಲ; ಪಾಲುಪಟ್ಟಿಯ ಮುಂದಿನ ಸಾಲನ್ನು ಓದಿ, ಹಿರಿಮಗನ ಪಾಲಿಗೆ ನೀರಿನ ಕಟ್ಟ ಬರಬೇಕೆಂದು ಇದೆಯಲ್ಲ, ಆ ಕಟ್ಟ ಎಲ್ಲಿದೆ ಎಂದು ಕೇಳಿದರು. ಕಟ್ಟ ಎಲ್ಲಿದೆಯೋ ಗಡಿಯ ತೋಡು ಅದು.

ಬಾದ್ಮೆಯ ವಿಷಯದಲ್ಲಿ, ಯುದ್ಧದ ಬಳಿಕ ಎರಡೂ ದೇಶಗಳ ಒಪ್ಪಂದದಿಂದ ಹುಟ್ಟಿದ ಗಡಿ ಆಯೋಗ ಹಿಡಿದ ದಾರಿಯೂ ಇದಕ್ಕೆ ತೀರ ದೂರದ್ದಲ್ಲ. ಹೊಳೆಯ ಹೆಸರೊಂದನ್ನೇ ಹಿಡಿದುಕೊಳ್ಳದೆ, ಕುನಾಮರು ಎರಿಟ್ರಿಯಾಕ್ಕೆ ಸೇರಬೇಕೆಂದು ಒಪ್ಪಂದವೇ ಹೇಳಿಕೊಂಡ ಉದ್ದೇಶವನ್ನೂ ಬಳಿಕದ ನಕ್ಷೆಗಳನ್ನೂ ನೋಡಿ, ಸೆತಿತ್‌ಗೆ ತೋಮ್ಸಾ ಹೊಳೆ ಸೇರುವ ತಾಣದಿಂದ ಮಾಯ್ ಅಂಬೆಸ್ಸಾಕ್ಕೆ ನೇರ ಗೆರೆ ಎಳೆಯಿತು. ಆದ್ದರಿಂದ ಒಪ್ಪಂದಗಳನ್ನು ಓದುವಾಗ ಗಡಿ ಎಲ್ಲಿ ಎಂಬ ವಾಕ್ಯಕ್ಕೆ ನಿಲ್ಲಬೇಡಿ, ಗಡಿ ಅಲ್ಲೇ ಏಕೆ ಎಂಬ ವಾಕ್ಯ ಸಿಗುವವರೆಗೆ ಓದಿ.

ಹೆಸರುಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಸೆತಿತ್ ನದಿಗೆ ಇಥಿಯೋಪಿಯಾದ ಮೇಲ್ಹರಿವಿನಲ್ಲಿ ತೆಕೆಜೆ ಎಂಬ ಹೆಸರಿದೆ. ಮರೆಬ್ ಕೆಳಗಿಳಿದು ಗಾಶ್ ಆಗುತ್ತದೆ. ಸುಳ್ಯದಲ್ಲಿ ಪಯಸ್ವಿನಿಯಾದದ್ದು ಕಾಸರಗೋಡಿಗೆ ಬರುವಾಗ ಚಂದ್ರಗಿರಿ ಆಗುವುದನ್ನು ಕಂಡ ನಮಗೆ ಇದು ಸೋಜಿಗವಲ್ಲ. ಆದರೆ ಪ್ರಬಂಧದಲ್ಲಿ ಒಂದೇ ನದಿ ಎರಡು ಹೆಸರಿನಲ್ಲಿ ಬಂದು ಓದುಗರು ನಾಲ್ಕು ನದಿಗಳಿವೆ ಎಂದು ತಿಳಿದುಕೊಳ್ಳುವುದುಂಟು. ಮೊದಲ ಪುಟದಲ್ಲೇ ಯಾವ ಹೆಸರನ್ನು ಬಳಸುತ್ತೀರಿ ಎಂದು ಹೇಳಿ ಕೊನೆಯವರೆಗೂ ಅದನ್ನೇ ಬಳಸಿ. ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಿಂದ ಓದಿ ‘ಬ್ಯಾಡ್ಮಿ’ ಎಂದು ಬರೆದವರನ್ನು ಕಂಡಿದ್ದೇನೆ; ಅಲ್ಲಿಯವರು ಬರೆಯುವ ಗೀಝ್ ಲಿಪಿಯ ಹೆಸರಿನ ಉಚ್ಚಾರಕ್ಕೆ ಬಾದ್ಮೆ ಎಂಬ ಬರಹ ಹೆಚ್ಚು ಹತ್ತಿರ. ಮಂಜೇಶ್ವರ ಕಚೇರಿಯ ಫಲಕದಲ್ಲಿ ಮಂಜೇಶ್ವರಂ ಆದಾಗ ನಮಗಾಗುವ ಕಸಿವಿಸಿ ಅಲ್ಲಿಯವರಿಗೂ ಆಗುವಂಥದ್ದೇ.

ಇಸವಿಯನ್ನೂ ಹೀಗೆಯೇ ಒರೆಗೆ ಹಚ್ಚಬೇಕು. ಇಥಿಯೋಪಿಯಾದ ಪಂಚಾಂಗಕ್ಕೆ ಹದಿಮೂರು ತಿಂಗಳು, ಅದು ನಮ್ಮ ಕಚೇರಿಯ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದೆ. ನಾವು 1998ರ ಮೇ 12 ಎನ್ನುವ ದಿನ ಅಲ್ಲಿಯ ಲೆಕ್ಕದಲ್ಲಿ 1990ರ ಗಿನ್ಬೊತ್ ತಿಂಗಳ 4. ಅಲ್ಲಿಯ ಹಿರಿಯರ ಸಂದರ್ಶನಗಳ ಅನುವಾದದಲ್ಲಿ ಯುದ್ಧ 1990ರಲ್ಲಿ ಆಯಿತು ಎಂದಿದ್ದರೆ ಅದು ಮುದ್ರಣದೋಷವಾಗಿರಬೇಕಿಲ್ಲ. ಕೊಲ್ಲವರ್ಷವನ್ನೂ ಸಂವತ್ಸರದ ಹೆಸರನ್ನೂ ಒಟ್ಟಿಗೆ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಹೊಂದಿಸುವುದು ಕಷ್ಟವಾಗಲಾರದು.

ಆಡಳಿತದ ಪುಟ

ಎರಡನೆಯ ಮಹಾಯುದ್ಧದಲ್ಲಿ ಇಟಲಿ ಸೋತ ಮೇಲೆ, 1941ರಿಂದ ಎರಿಟ್ರಿಯಾ ಬ್ರಿಟಿಷರ ಆಡಳಿತದಲ್ಲಿತ್ತು. 1952ರಲ್ಲಿ ಅದನ್ನು ಇಥಿಯೋಪಿಯಾದೊಂದಿಗೆ ಒಕ್ಕೂಟವಾಗಿ ಸೇರಿಸಲಾಯಿತು, 1962ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿ ಒಕ್ಕೂಟವನ್ನೇ ಅಳಿಸಿ ಅದನ್ನು ತನ್ನ ಒಂದು ಪ್ರಾಂತ್ಯವಾಗಿಸಿದ. ಒಂದೇ ದೇಶದೊಳಗಿನ ಪ್ರಾಂತ್ಯದ ಗೆರೆಯನ್ನು ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಹತ್ತಿರದ ಕಚೇರಿ ಯಾವುದೋ ಅಲ್ಲಿಗೆ ಜನ ತೆರಿಗೆ ಕಟ್ಟುತ್ತಾರೆ. ಬಾದ್ಮೆಯ ಸುತ್ತಲಿನ ನೆಲದಲ್ಲಿ ಇಥಿಯೋಪಿಯಾದ ಉತ್ತರದ ಪ್ರಾಂತ್ಯವಾದ ತಿಗ್ರಾಯ್ ಕಡೆಯ ಒಕ್ಕಲುಗಳೂ ಆಡಳಿತವೂ ಬೇರುಬಿಟ್ಟವು. ಮೂವತ್ತು ವರ್ಷಗಳ ಹೋರಾಟದ ಬಳಿಕ 1993ರ ಏಪ್ರಿಲಿನಲ್ಲಿ ಜನಮತಗಣನೆ ನಡೆದು ಮೇ 24ರಂದು ಎರಿಟ್ರಿಯಾ ಸ್ವತಂತ್ರವಾದಾಗ ಹಳೆಯ ಗೆರೆಗೆ ಮತ್ತೆ ಜೀವ ಬಂತು. ವಸಾಹತು ಕಾಲದ ಗಡಿಗಳನ್ನೇ ಮನ್ನಿಸಬೇಕೆಂದು ಆಫ್ರಿಕದ ದೇಶಗಳು 1964ರಲ್ಲಿ ಕೈರೋದಲ್ಲಿ ಕೈಗೊಂಡ ನಿರ್ಣಯ ಇದ್ದುದರಿಂದ, ನೂರು ವರ್ಷ ಹಿಂದಿನ ಇಟಲಿಯ ನಕ್ಷೆಗಳು ಕಪಾಟಿನಿಂದ ಹೊರಬಂದವು.

ಆಡಳಿತವನ್ನು ಬರೆಯುವಾಗ ಹಣವನ್ನು ಮರೆಯಬೇಡಿ. ಸ್ವತಂತ್ರವಾದ ಮೇಲೂ ಎರಿಟ್ರಿಯಾದಲ್ಲಿ ಇಥಿಯೋಪಿಯಾದ ಬಿರ್ ನಾಣ್ಯವೇ ಚಲಾವಣೆಯಲ್ಲಿತ್ತು. 1997ರ ನವೆಂಬರಿನಲ್ಲಿ ಎರಿಟ್ರಿಯಾ ನಕ್ಫಾ ಎಂಬ ಸ್ವಂತ ನಾಣ್ಯ ತಂದಿತು. ಎರಡು ದೇಶಗಳ ನಡುವಣ ವ್ಯಾಪಾರ ಡಾಲರಿನಲ್ಲಿ ನಡೆಯಬೇಕೆಂದು ಇಥಿಯೋಪಿಯಾ ಹಟ ಹಿಡಿಯಿತು. ಸಂತೆಗೆ ಒಂದು ಮೂಟೆ ಧಾನ್ಯ ತರುವವನಿಗೆ ಡಾಲರ್ ಎಲ್ಲಿಂದ ಬರಬೇಕು? ಬಾದ್ಮೆಯಲ್ಲಿ ಗುಂಡು ಹಾರಿದ್ದು ಇದಾದ ಆರು ತಿಂಗಳಲ್ಲಿ. ಗಡಿಯ ಗೆರೆಯೊಂದೇ ಯುದ್ಧಕ್ಕೆ ಕಾರಣ ಎಂದು ಬರೆಯುವವರು ಈ ಆರು ತಿಂಗಳನ್ನು ಹಾರಿಸಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಒಂದು ಪೂರ್ತಿ ಅಧ್ಯಾಯಕ್ಕೆ ಸಲ್ಲುವ ವಿಷಯವಿದು.

ತೀರ್ಪುಗಳನ್ನು ಓದುವುದು

ಘಟನೆಗಳ ಸಾಲನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. 1998ರ ಮೇ 6ರಂದು ಬಾದ್ಮೆಯ ಬಳಿ ನಡೆದ ಘರ್ಷಣೆಯಲ್ಲಿ ಎರಿಟ್ರಿಯಾದ ಸೈನಿಕರು ಸತ್ತರು. ಮೇ 12ರಂದು ಎರಿಟ್ರಿಯಾದ ಸೈನ್ಯ ಟ್ಯಾಂಕುಗಳೊಂದಿಗೆ ಬಂದು ಊರನ್ನು ಹಿಡಿಯಿತು. 1999ರ ಫೆಬ್ರವರಿಯ ಕೊನೆಯಲ್ಲಿ ಇಥಿಯೋಪಿಯಾ ಅದನ್ನು ಮರಳಿ ಪಡೆಯಿತು. 2000ದ ಮೇ ತಿಂಗಳಲ್ಲಿ ಇಥಿಯೋಪಿಯಾ ದೊಡ್ಡ ದಾಳಿ ನಡೆಸಿ ಎರಿಟ್ರಿಯಾದೊಳಗೆ ನುಗ್ಗಿತು. ಜೂನ್ 18ರಂದು ಕದನವಿರಾಮ, ಡಿಸೆಂಬರ್ 12ರಂದು ಅಲ್ಜೀರ್ಸ್ ಒಪ್ಪಂದ. ಆ ಒಪ್ಪಂದದಿಂದ ಎರಡು ಆಯೋಗಗಳು ಹುಟ್ಟಿದವು, ಗಡಿ ಎಲ್ಲಿದೆ ಎಂದು ಹೇಳಲು ಒಂದು, ನಷ್ಟಪರಿಹಾರದ ದಾವೆಗಳನ್ನು ತೀರ್ಮಾನಿಸಲು ಇನ್ನೊಂದು. ಎರಡರ ತೀರ್ಪುಗಳೂ ಹೇಗ್‌ನಲ್ಲಿರುವ ಖಾಯಂ ಪಂಚಾಯ್ತಿ ನ್ಯಾಯಾಲಯದ ಜಾಲತಾಣದಲ್ಲಿ ಕಾಸಿಲ್ಲದೆ ಸಿಗುತ್ತವೆ. ನೂರಾರು ಪುಟಗಳೆಂದು ಹೆದರದೆ ಅವನ್ನೇ ಓದಿ.

ನನ್ನ ತಪ್ಪು ಇಲ್ಲಿಯದು. ಎಲಿಹು ಲಾಟರ್‌ಪಾಕ್ಟ್ ಅಧ್ಯಕ್ಷರಾಗಿದ್ದ ಗಡಿ ಆಯೋಗ 2002ರ ಏಪ್ರಿಲ್ 13ರಂದು ತೀರ್ಪು ಕೊಟ್ಟಾಗ, ಪತ್ರಿಕೆಯ ಸುದ್ದಿ ನೋಡಿ ನಾನೊಂದು ಉಪನ್ಯಾಸದಲ್ಲಿ ಬಾದ್ಮೆ ಇಥಿಯೋಪಿಯಾಕ್ಕೆ ಸಿಕ್ಕಿತು ಎಂದು ಹೇಳಿಬಿಟ್ಟೆ. ಆದರೆ ತೀರ್ಪು ಬಾದ್ಮೆ ಯಾವ ಬದಿಗೆ ಬಿತ್ತೆಂದು ಮಾತಿನಲ್ಲಿ ಹೇಳಿರಲೇ ಇಲ್ಲ. ಅದು ಅಕ್ಷಾಂಶ ರೇಖಾಂಶಗಳನ್ನು ಕೊಟ್ಟಿತ್ತು, ಎರಡೂ ಸರ್ಕಾರಗಳು ಗೆದ್ದೆವೆಂದು ಸಾರಿಕೊಂಡಿದ್ದವು. 2003ರ ಮಾರ್ಚಿನಲ್ಲಿ ಆಯೋಗದ ಸ್ಪಷ್ಟೀಕರಣ ಬಂದ ಮೇಲೆ ಊರು ಎರಿಟ್ರಿಯಾದ ಬದಿಗಿದೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಇಥಿಯೋಪಿಯಾದ ಪ್ರಧಾನಿ ಮೆಲೆಸ್ ಜೆನಾವಿ ಭದ್ರತಾ ಮಂಡಳಿಗೆ ಪತ್ರ ಬರೆದು ಆ ಭಾಗದ ತೀರ್ಪನ್ನು ತಿರಸ್ಕರಿಸಿದರು. ಅಂದಿನಿಂದ ನಾನು ಹೇಳುವುದು, ಗಡಿಯ ತೀರ್ಪು ಕೈಗೆ ಬಂದರೆ ಮೊದಲು ನಕ್ಷೆಯೊಂದನ್ನು ಹಾಸಿಕೊಂಡು ಅಂಕಿಗಳನ್ನು ನೀವೇ ಗುರುತಿಸಿ, ಹೇಳಿಕೆಗಳನ್ನು ಆಮೇಲೆ ಓದಿ.

ಈಗ ನಾಲ್ಕನೆಯ ಪುಟ ತೆರೆಯಿರಿ. ಪರಿಹಾರ ಆಯೋಗ 2005ರ ಡಿಸೆಂಬರ್ 19ರಂದು ಕೊಟ್ಟ ತೀರ್ಪಿನಲ್ಲಿ, 1998ರ ಮೇ 12ರ ದಾಳಿಯಿಂದ ಎರಿಟ್ರಿಯಾ ಬಲಪ್ರಯೋಗವನ್ನು ನಿಷೇಧಿಸುವ, ವಿಶ್ವಸಂಸ್ಥೆಯ ಸನ್ನದಿನ 2ನೆಯ ವಿಧಿಯ 4ನೆಯ ಉಪವಿಧಿಯನ್ನು ಮುರಿಯಿತು ಎಂದಿತು. ಆ ದಿನ ಬಾದ್ಮೆ ಇಥಿಯೋಪಿಯಾದ ಶಾಂತಿಯುತ ಆಡಳಿತದಲ್ಲಿತ್ತು, ನೆಲ ತನ್ನದೆಂಬ ನಂಬಿಕೆ ಸೈನ್ಯ ಕಳುಹಿಸಲು ಕಾರಣವಾಗದು ಎಂಬುದು ಅದರ ತರ್ಕ. ಅಂದರೆ ಕಾಗದದ ಪ್ರಕಾರ ಊರು ಎರಿಟ್ರಿಯಾದ್ದು, ಊರನ್ನು ಬಲದಿಂದ ಹಿಡಿದ ತಪ್ಪೂ ಎರಿಟ್ರಿಯಾದ್ದೇ. ಒಂದೇ ಒಪ್ಪಂದದಿಂದ ಹುಟ್ಟಿದ ಎರಡು ಆಯೋಗಗಳ ಈ ಎರಡು ಮಾತುಗಳು ಒಂದನ್ನೊಂದು ಹೊಡೆಯುವುದಿಲ್ಲ, ಏಕೆಂದರೆ ಅವು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ. ಇಥಿಯೋಪಿಯಾದ ಪರ ಬರೆಯುವವರು ಎರಡನೆಯ ತೀರ್ಪನ್ನಷ್ಟೇ ಎತ್ತುತ್ತಾರೆ, ಎರಿಟ್ರಿಯಾದ ಪರ ಬರೆಯುವವರು ಮೊದಲನೆಯದನ್ನಷ್ಟೇ. ನಿಮ್ಮ ಪ್ರಬಂಧದಲ್ಲಿ ಎರಡೂ ಪಕ್ಕಪಕ್ಕದ ವಾಕ್ಯಗಳಲ್ಲಿ ಬರಬೇಕು.

ಜನರ ಪುಟ

ಈ ಪುಟ ತುಂಬುವುದು ಕಷ್ಟ, ತುಂಬದೆ ಬಿಟ್ಟರೆ ಬರಹ ಬರೀ ಕಡತವಾಗುತ್ತದೆ. ಗಡಿಯ ಎರಡೂ ಕಡೆ ತಿಗ್ರಿನ್ಯಾ ಆಡುವವರಿದ್ದಾರೆ. ಅವರಿಗಿಂತ ಹಿಂದಿನಿಂದ ಆ ಬಯಲಿನಲ್ಲಿ ಇದ್ದ ಕುನಾಮರ ಭಾಷೆ ಬೇರೆಯೇ. ಅದೇ ಗಡಿಯ ಗುಂಟ ಬಹಳ ಪೂರ್ವಕ್ಕಿರುವ ಇರೋಬ್ ಎಂಬ ಸಣ್ಣ ಸಮುದಾಯವನ್ನು ಆಯೋಗದ ಗೆರೆ ಇಬ್ಭಾಗ ಮಾಡುತ್ತದೆ. 2018ರ ಜೂನಿನಲ್ಲಿ ಇಥಿಯೋಪಿಯಾ ತೀರ್ಪನ್ನು ಒಪ್ಪುವುದಾಗಿ ಹೇಳಿದಾಗ ಅವರು ಬೀದಿಗಿಳಿದು ಪ್ರತಿಭಟಿಸಿದರು. ಯುದ್ಧಕಾಲದಲ್ಲಿ ಇಥಿಯೋಪಿಯಾದಿಂದ ಎರಿಟ್ರಿಯಾ ಮೂಲದ ಹತ್ತಾರು ಸಾವಿರ ಜನರನ್ನು ಹೊರಹಾಕಲಾಯಿತು. ಇವರ ಮಾತುಗಳು ಮಾನವ ಹಕ್ಕು ಸಂಸ್ಥೆಗಳ ವರದಿಗಳಲ್ಲಿ, ವಲಸೆ ಹೋದವರ ಸಂದರ್ಶನಗಳಲ್ಲಿ ಚದುರಿಕೊಂಡಿವೆ. ಅವುಗಳನ್ನು ಆರಿಸುವಾಗ ‘ಊರು ಯಾರದು’ ಎಂಬ ಪ್ರಶ್ನೆಗೆ ಕೊಟ್ಟ ಉತ್ತರಕ್ಕಿಂತ ಹೆಚ್ಚು ಬೆಲೆಯನ್ನು, ಮಕ್ಕಳು ಯಾವ ಶಾಲೆಗೆ ಹೋಗುತ್ತಿದ್ದರು, ಹಿಟ್ಟಿನ ಗಿರಣಿ ಎಲ್ಲಿತ್ತು, ಅಂಗಡಿಯ ಸಾಲದ ಲೆಕ್ಕ ಯಾವ ನಾಣ್ಯದಲ್ಲಿತ್ತು ಎಂಬ ಮಾತುಗಳಿಗೆ ಕೊಡಿ. ಜನ ಪಕ್ಷ ವಹಿಸಿ ಮಾತಾಡುವುದು ಮೊದಲನೆಯದರಲ್ಲಿ, ನೆನಪಿನಿಂದ ಮಾತಾಡುವುದು ಎರಡನೆಯದರಲ್ಲಿ.

ಇದನ್ನು ಮನೆಯ ಹತ್ತಿರ ಅಭ್ಯಾಸ ಮಾಡಿಕೊಳ್ಳಬಹುದು. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು ಎಂಬುದನ್ನು ನೆನಪಿಟ್ಟವರು ಇನ್ನೂ ಕೆಲವರಿದ್ದಾರೆ. ಅವರ ಬಳಿ ಹೋಗಿ ‘ಅಜ್ಜ, ನಿಮಗೆ ಅನ್ಯಾಯವಾಯಿತೇ’ ಎಂದು ಕೇಳಿದರೆ ಸಿಗುವುದು ಭಾಷಣ. ‘ಕಚೇರಿಯಿಂದ ಬಂದ ಮೊದಲ ಮಲಯಾಳಂ ನೋಟೀಸನ್ನು ಯಾರ ಹತ್ತಿರ ಓದಿಸಿದಿರಿ’ ಎಂದು ಕೇಳಿದರೆ ಚರಿತ್ರೆ ಸಿಗುತ್ತದೆ. ಇನ್ನೂ ಹತ್ತಿರದ್ದು ಬೇಕಾದರೆ, 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಮನೆಯಲ್ಲಿ ಡಯಾಲಿಸಿಸ್‌ನವರನ್ನು ಇಟ್ಟುಕೊಂಡವರು ಏನು ಮಾಡಿದರು ಎಂದು ಕೇಳಿ.

ಆದರೆ ಹೋಲಿಕೆಗೆ ಮಿತಿ ಇರಲಿ. ಚಂದ್ರಗಿರಿಯ ಬಡಗಣ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಜಾರಿಯಾಗಲಿಲ್ಲ, ಬಾದ್ಮೆಯ ತೀರ್ಪೂ ಹದಿನೆಂಟು ವರ್ಷ ಜಾರಿಯಾಗಲಿಲ್ಲ ಎಂದು ಇಬ್ಬರು ವಿದ್ಯಾರ್ಥಿಗಳು ಒಂದೇ ಉಸಿರಿನಲ್ಲಿ ಬರೆದು ತಂದಿದ್ದರು. ಮಹಾಜನ ಆಯೋಗದ್ದು ಒಂದೇ ದೇಶದ ರಾಜ್ಯಗಳ ನಡುವಣ ಶಿಫಾರಸು. ಅಲ್ಜೀರ್ಸ್ ಒಪ್ಪಂದದಲ್ಲಿ ಆಯೋಗದ ತೀರ್ಪು ಅಂತಿಮ ಮತ್ತು ಬದ್ಧಕಾರಿ ಎಂದು ಎರಡು ದೇಶಗಳು ಮೊದಲೇ ಸಹಿ ಹಾಕಿದ್ದವು. ನಮ್ಮ ಗಡಿಯಲ್ಲಿ ಕಂದಕ ತೋಡಿಲ್ಲ, ನೆಲಬಾಂಬು ಹೂತಿಲ್ಲ. ಕಾಸರಗೋಡನ್ನು ಬಾದ್ಮೆಯನ್ನು ಅರ್ಥಮಾಡಿಕೊಳ್ಳುವ ಏಣಿಯಾಗಿ ಬಳಸಿ, ಮೇಲೆ ಹತ್ತಿದ ಮೇಲೆ ಏಣಿಯನ್ನು ಪ್ರಬಂಧದೊಳಗೆ ಎಳೆದುಕೊಳ್ಳಬೇಡಿ.

ಸತ್ತವರ ಲೆಕ್ಕ ಬರೆಯುವಾಗ ಅಂಕಿಯ ಜೊತೆ ಅದನ್ನು ಹೇಳಿದವರನ್ನೂ ಬರೆಯಿರಿ. ಎರಿಟ್ರಿಯಾ ತನ್ನ ಕಡೆ 19,000 ಜನ ಸತ್ತರೆಂದು 2001ರಲ್ಲಿ ಹೇಳಿತು. ಎರಡೂ ಕಡೆ ಸೇರಿ 70,000ಕ್ಕೆ ಕಡಿಮೆ ಇಲ್ಲ, 1,00,000 ಆಗಿರಬಹುದು ಎಂಬುದು ಹೊರಗಿನವರ ಅಂದಾಜು. ಇವೆರಡರ ಸರಾಸರಿ ತೆಗೆದು ಹೊಸ ಅಂಕಿ ಮಾಡುವ ಚಾಳಿ ಕೆಲವರಿಗಿದೆ, ದಯವಿಟ್ಟು ಬೇಡ. ಹಾಗೆಯೇ ‘ಬರಡು ನೆಲಕ್ಕಾಗಿ ನಡೆದ ಯುದ್ಧ’ ಎಂಬ ಮಾತನ್ನೂ ಬಿಟ್ಟುಬಿಡಿ. ಹೊರಗಿನ ಪತ್ರಕರ್ತರಿಗೆ ಬರಡಾಗಿ ಕಂಡದ್ದು ಅಲ್ಲಿ ಎಳ್ಳು ಬಿತ್ತಿದವನಿಗೆ ಹೊಲ.

ಒಂದು ಸಂಗತಿ ಭಾರತದ ಓದುಗರಿಗೆ ಹತ್ತಿರದ್ದು. ಕದನವಿರಾಮದ ಬಳಿಕ ಎರಿಟ್ರಿಯಾದ ನೆಲದೊಳಗೆ 25 ಕಿಲೋಮೀಟರ್ ಅಗಲದ ತಾತ್ಕಾಲಿಕ ಭದ್ರತಾ ವಲಯ ಮಾಡಿ, ಅದನ್ನು ಕಾಯಲು ವಿಶ್ವಸಂಸ್ಥೆ 4,200 ಸೈನಿಕರ ಪಡೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಭಾರತೀಯ ಸೇನೆಯ ತುಕಡಿಯೂ ಇತ್ತು. 2008ರ ಜುಲೈ ಕೊನೆಗೆ ಆ ಕಾರ್ಯಾಚರಣೆ ಮುಗಿಯಿತು. ಸೇನೆಯಿಂದ ನಿವೃತ್ತರಾದವರು ನಮ್ಮ ಜಿಲ್ಲೆಯಲ್ಲಿ ಹಲವರಿದ್ದಾರೆ. ಅಲ್ಲಿಗೆ ಹೋಗಿಬಂದವರು ಯಾರಾದರೂ ಸಿಕ್ಕಿದರೆ ಅವರ ಹಳೆಯ ಫೋಟೋಗಳನ್ನು ನೋಡಲು ಕೇಳಿ, ಫೋಟೋದ ಹಿಂಬದಿಯಲ್ಲಿ ಬರೆದ ದಿನಾಂಕವನ್ನೂ ನಕಲು ಮಾಡಿಕೊಳ್ಳಿ.

ಎಲ್ಲಿ ನಿಲ್ಲಿಸಬೇಕು

2018ರ ಜುಲೈ 9ರಂದು ಎರಿಟ್ರಿಯಾದ ರಾಜಧಾನಿ ಅಸ್ಮಾರಾದಲ್ಲಿ ಇಥಿಯೋಪಿಯಾದ ಪ್ರಧಾನಿ ಅಬಿಯ್ ಅಹ್ಮದ್ ಮತ್ತು ಎರಿಟ್ರಿಯಾದ ಅಧ್ಯಕ್ಷ ಇಸಾಯಸ್ ಅಫೆವೆರ್ಕಿ ಯುದ್ಧಸ್ಥಿತಿ ಮುಗಿಯಿತೆಂದು ಸಹಿ ಮಾಡಿದರು, ಸೆಪ್ಟೆಂಬರ್ 11ರಂದು ಗಡಿಯ ಎರಡು ದಾರಿಗಳು ತೆರೆದವು, 2019ರಲ್ಲಿ ಅಬಿಯ್ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಲ್ಲಿಗೆ ಮುಗಿಸಿದರೆ ಕಥೆ ಚೆನ್ನಾಗಿರುತ್ತದೆ, ಚರಿತ್ರೆ ಸುಳ್ಳಾಗುತ್ತದೆ. ತೆರೆದ ದಾರಿಗಳು ಕೆಲವೇ ತಿಂಗಳಲ್ಲಿ ಮತ್ತೆ ಮುಚ್ಚಿದವು. 2020ರ ನವೆಂಬರಿನಲ್ಲಿ ತಿಗ್ರಾಯ್ ಯುದ್ಧ ಹೊತ್ತಿಕೊಂಡಾಗ ಇಥಿಯೋಪಿಯಾದ ಕೇಂದ್ರ ಸರ್ಕಾರದ ಜೊತೆಗೂಡಿ ಎರಿಟ್ರಿಯಾದ ಸೈನ್ಯವೂ ಇಳಿಯಿತು, ಬಾದ್ಮೆ ಎರಿಟ್ರಿಯಾದ ಕೈಸೇರಿತು. 2022ರ ನವೆಂಬರ್ 2ರಂದು ಪ್ರಿಟೋರಿಯಾದಲ್ಲಿ ಆದ ಒಪ್ಪಂದಕ್ಕೆ ಸಹಿ ಹಾಕಿದವರು ಇಥಿಯೋಪಿಯಾ ಸರ್ಕಾರ ಮತ್ತು ತಿಗ್ರಾಯ್‌ನ ವಿಮೋಚನಾ ರಂಗ. ಎರಿಟ್ರಿಯಾ ಅದರಲ್ಲಿ ಪಕ್ಷಗಾರ ಅಲ್ಲ. ತೀರ್ಪು ಹೇಳಿದ ಕಡೆಗೇ ಊರು ಹೋಯಿತು, ಆದರೆ ತೀರ್ಪಿನ ದಾರಿಯಿಂದ ಹೋಗಲಿಲ್ಲ. ಮೊದಲ ಪುಟವನ್ನೂ ನಾಲ್ಕನೆಯ ಪುಟವನ್ನೂ ಇಲ್ಲಿ ಮತ್ತೊಮ್ಮೆ ಬೇರೆಬೇರೆಯಾಗಿ ತುಂಬಬೇಕಾಗುತ್ತದೆ.

ಪ್ರಬಂಧಕ್ಕೆ ನಕ್ಷೆ ಹಾಕುವುದಾದರೆ ಸಿದ್ಧ ನಕ್ಷೆಯನ್ನು ಅಂಟಿಸದೆ ನೀವೇ ಒಂದು ಬರೆಯಿರಿ. ಎರಡು ನದಿಗಳನ್ನು ಎಳೆದು, 2002ರ ಗೆರೆಯನ್ನು ಅಖಂಡ ರೇಖೆಯಿಂದಲೂ ಇಥಿಯೋಪಿಯಾ ವಾದಿಸಿದ ಗೆರೆಯನ್ನು ಚುಕ್ಕಿಗಳಿಂದಲೂ ತೋರಿಸಿ. ಬಾದ್ಮೆ ಎರಡರ ನಡುವೆ ಬರುತ್ತದೆ. ಕೆಳಗೆ ಗೆರೆ ಎಳೆದವರು ಯಾರು, ಯಾವ ವರ್ಷ ಎಂದು ಬರೆದು, ನೀವು ನಕ್ಷೆ ಮುಗಿಸಿದ ದಿನಾಂಕವನ್ನೂ ಹಾಕಿ.